ಡಯಾಲಿಸಿಸ್‌ನಲ್ಲಿ ಇರುವವರ ವಿದೇಶ ಪ್ರಯಾಣ: ಮೊದಲು ಸ್ಲಾಟ್, ಆಮೇಲೆ ಟಿಕೆಟ್

"ಅಪ್ಪ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ತಿದ್ದಾರೆ. ಇಲ್ಲಿ ಮಗಳು ಹುಟ್ಟಿದ್ದಾಳೆ. ಒಂದೆರಡು ತಿಂಗಳು ಕರೆಸಿಕೊಳ್ಳಬಹುದಾ?" ಡಲ್ಲಾಸ್‌ನಿಂದ, ದುಬೈಯಿಂದ, ಮೆಲ್ಬರ್ನ್‌ನಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಊರಲ್ಲಿರುವ ಹಿರಿಯರು ಅದನ್ನೇ ಬೇರೆ ಥರ ಕೇಳುತ್ತಾರೆ. "ಇನ್ನು ನಮ್ಮ ಹಣೇಲಿ ವಿಮಾನ ಹತ್ತೋದು ಬರೆದಿಲ್ಲ ಅಲ್ವಾ?"

ಹಾಗೇನಿಲ್ಲ. ಆರೋಗ್ಯ ಒಂದು ಹದಕ್ಕೆ ಬಂದಿರುವ ಡಯಾಲಿಸಿಸ್ ರೋಗಿಗಳು ದೇಶ ದೇಶ ಓಡಾಡುತ್ತಾರೆ. ನಮ್ಮ ಅಮ್ಮನನ್ನು ನಾನೇ ಎರಡು ಸಲ ಅಮೆರಿಕಕ್ಕೆ ಕರೆದುಕೊಂಡು ಹೋಗಿ ಬಂದಿದ್ದೇನೆ. ಆದರೆ ಬೇರೆಯವರ ಹಾಗೆ ಟಿಕೆಟ್ ಅಗ್ಗ ಸಿಕ್ಕಿತು ಅಂತ ಹೊರಡುವ ಪ್ರಯಾಣ ಇದಲ್ಲ. ಹೋಗುವ ಊರಿನಲ್ಲಿ ಡಯಾಲಿಸಿಸ್ ಸ್ಲಾಟ್ ಬರಹದಲ್ಲಿ ಖಾತ್ರಿ ಆಗುವ ತನಕ ಟಿಕೆಟ್ ತೆಗೆಯಲೇಬೇಡಿ. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಮಗ ಟಿಕೆಟ್ ಕಳಿಸಿರುತ್ತಾನೆ, "ಅಮೆರಿಕದಲ್ಲಿ ಡಯಾಲಿಸಿಸ್‌ಗೇನು ಕಮ್ಮಿ, ಬಂದಮೇಲೆ ನೋಡೋಣ" ಅಂದಿರುತ್ತಾನೆ. ಬಂದಮೇಲೆ ನೋಡಿದರೆ ಯಾವ ಸೆಂಟರೂ ವರದಿ ನೋಡದೆ ಹೊಸಬರನ್ನು ಮೆಷಿನ್‌ಗೆ ಹಾಕುವುದಿಲ್ಲ.

ಮುಂದೆ ಪದೇ ಪದೇ ಬರುವ ನಾಲ್ಕು ಮಾತು ಮೊದಲೇ ಹೇಳಿಬಿಡುತ್ತೇನೆ. ಹೀಮೋಡಯಾಲಿಸಿಸ್ ಎಂದರೆ ರಕ್ತವನ್ನು ಮೆಷಿನ್‌ಗೆ ಹರಿಸಿ ಶುದ್ಧ ಮಾಡುವುದು, ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಫಿಸ್ಟುಲಾ ಎಂದರೆ ಕೈಯ ಎರಡು ರಕ್ತನಾಳ ಸೇರಿಸಿ ಸೂಜಿ ಚುಚ್ಚಲು ಮಾಡಿದ ಜಾಗ. ಪರ್ಮ್‌ಕ್ಯಾತ್ ಎಂದರೆ ಹೆಚ್ಚಾಗಿ ಕುತ್ತಿಗೆಯ ನಾಳದ ಮೂಲಕ ಹಾಕಿ, ಎದೆಯ ಮೇಲೆ ಹೊರಗೆ ಬರುವ ದೀರ್ಘಕಾಲದ ಕೊಳವೆ. ಡ್ರೈ ವೆಯ್ಟ್ ಎಂದರೆ ಮೈಯಲ್ಲಿ ಜಾಸ್ತಿ ನೀರು ಇಲ್ಲದಾಗ ಇರಬೇಕಾದ ತೂಕ. ಪ್ರತಿ ಸಲ ಎಷ್ಟು ನೀರು ತೆಗೆಯಬೇಕು ಅನ್ನುವುದು ಈ ತೂಕದ ಮೇಲೆ ನಿಂತಿದೆ.

1. ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹತ್ತಿರ ಕೂತು ಮಾತಾಡಿ (ನಾಲ್ಕೈದು ತಿಂಗಳು ಮೊದಲು)

ಡಯಾಲಿಸಿಸ್ ಶುರುವಾಗಿ ಇನ್ನೂ ಎರಡು-ಮೂರು ತಿಂಗಳು ಕೂಡ ಆಗಿಲ್ಲ, ನಡುವೆ ಬಿಪಿ ಕುಸಿಯುತ್ತಿದೆ, ಪೊಟ್ಯಾಸಿಯಂ ಏರಿಳಿತ ಇದೆ, ಇತ್ತೀಚೆಗೆ ಆಸ್ಪತ್ರೆ ಸೇರಿದ್ದರು ಎಂದಾದರೆ ಸ್ವಲ್ಪ ತಡೆಯಿರಿ. ಕುತ್ತಿಗೆಗೆ ತಾತ್ಕಾಲಿಕ ಕೊಳವೆ ಮಾತ್ರ ಇದ್ದರೆ ಹೊರದೇಶದ ಯೋಚನೆ ಬೇಡ. ಫಿಸ್ಟುಲಾ ಚೆನ್ನಾಗಿ ನಡೆಯುತ್ತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಪರ್ಮ್‌ಕ್ಯಾತ್ ಇದ್ದವರೂ ಹೋಗಬಹುದು, ಸೋಂಕಿನ ಎಚ್ಚರ ಜಾಸ್ತಿ ಬೇಕು.

ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಇದನ್ನು ವೈದ್ಯರ ಹತ್ತಿರ ಬಿಡಿಸಿ ಕೇಳಬೇಕು. ನಮ್ಮಲ್ಲಿ ದುಡ್ಡಿನ ಕಾರಣಕ್ಕೋ ಸ್ಲಾಟ್ ಇಲ್ಲದ್ದಕ್ಕೋ ಎರಡೇ ಸಲ ಮಾಡಿಸುವವರು ಬಹಳ. ಅಮೆರಿಕದಲ್ಲಿ ಸಾಮಾನ್ಯ ರೂಢಿ ವಾರಕ್ಕೆ ಮೂರು. ಅಲ್ಲಿನ ವೈದ್ಯರು "ಮೂರು ಸಲ ಬೇಕೇ ಬೇಕು" ಎಂದರೆ ಖರ್ಚಿನ ಲೆಕ್ಕವೇ ತಲೆಕೆಳಗಾಗುತ್ತದೆ. ಹೊರಡುವ ಮೊದಲೇ ಇದು ತೀರ್ಮಾನ ಆಗಿರಲಿ.

ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ (ಅಂಗದಾನ ನೋಡಿಕೊಳ್ಳುವ ಕರ್ನಾಟಕದ ಸಂಸ್ಥೆ) ಹೆಸರು ನೋಂದಾಯಿಸಿದ್ದೀರಾ? ಹಾಗಿದ್ದರೆ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ಗೆ ಹೋಗುವ ದಿನ, ಬರುವ ದಿನ ಎರಡನ್ನೂ ತಿಳಿಸಿ. ಮೃತ ದಾನಿಯ ಕಿಡ್ನಿ ಬಂದಾಗ ಕೆಲವೇ ಗಂಟೆಗಳಲ್ಲಿ ನೀವು ಆಸ್ಪತ್ರೆಯಲ್ಲಿರಬೇಕು. ಚಿಕಾಗೋದಲ್ಲಿ ಕೂತು ಆ ಫೋನ್ ತೆಗೆದರೆ ಏನೂ ಮಾಡೋಕಾಗಲ್ಲ. ಊರಲ್ಲಿ ಇಲ್ಲದ ಅವಧಿಗೆ ಪಟ್ಟಿಯಲ್ಲಿ ಏನು ಮಾಡುತ್ತಾರೆ, ವಾಪಸ್ ಬಂದಮೇಲೆ ಏನು ಮಾಡಬೇಕು ಎಂದು ಕೇಳಿಕೊಳ್ಳಿ.

ಕಸಿ ಅಂದಾಗ ಇನ್ನೊಂದು ಪ್ರಶ್ನೆಯೂ ಬರುತ್ತದೆ. "ಹೊರದೇಶದಲ್ಲಿ ಕಿಡ್ನಿ ಕೊಡಿಸ್ತೀವಿ ಅಂತ ಒಬ್ಬರು ಹೇಳ್ತಿದ್ದಾರೆ, ನಂಬಬಹುದಾ?" ನಂಬಬೇಡಿ. ಅಂಗ ಮಾರುವುದು, ಕೊಳ್ಳುವುದು ನಮ್ಮಲ್ಲಿ 1994ರ ಕಾಯಿದೆಯ ಪ್ರಕಾರ ಅಪರಾಧ. 2008ರ ಇಸ್ತಾಂಬುಲ್ ಘೋಷಣೆಯಲ್ಲಿ ಜಗತ್ತಿನ ಕಿಡ್ನಿ ವೈದ್ಯರೂ ಇದನ್ನು ಖಂಡಿಸಿದ್ದಾರೆ. ದಾನಿ ಯಾರು, ಯಾವ ಸೋಂಕು ಇತ್ತು, ಆಪರೇಷನ್ ಹೇಗಾಯಿತು ಎಂಬ ದಾಖಲೆಯೇ ಇಲ್ಲದೆ ವಾಪಸ್ ಬಂದರೆ ಇಲ್ಲಿನ ವೈದ್ಯರಿಗೂ ಚಿಕಿತ್ಸೆ ಕಷ್ಟ. ಆ ಮಾತು ಅಲ್ಲಿಗೇ ಬಿಡಿ.

2. ಹೆಪಟೈಟಿಸ್ ಟೆಸ್ಟ್, ಲಸಿಕೆ

ಇದನ್ನು ಎರಡನೆಯ ಹಂತಕ್ಕೇ ತಂದಿರುವುದಕ್ಕೆ ಕಾರಣ ಇದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ವರದಿ ಇಲ್ಲದೆ ಹೊರದೇಶದ ಸೆಂಟರ್ ಮಾತೇ ಶುರು ಮಾಡುವುದಿಲ್ಲ. ಹೆಪಟೈಟಿಸ್ ಬಿ ವರದಿ ಸಾಮಾನ್ಯವಾಗಿ ಒಂದು ತಿಂಗಳ ಒಳಗಿನದ್ದು ಕೇಳುತ್ತಾರೆ. ಹಾಗಾಗಿ ಎರಡು ಸಲ ಮಾಡಿಸಬೇಕಾಗಬಹುದು: ಸ್ಲಾಟ್ ಕೇಳುವಾಗ ಒಮ್ಮೆ, ಹೊರಡುವ ಮುಂಚೆ ಇನ್ನೊಮ್ಮೆ.

ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ ನೋಡಿ. ಡಯಾಲಿಸಿಸ್ ರೋಗಿಗಳಿಗೆ ಇದನ್ನು ದುಪ್ಪಟ್ಟು ಪ್ರಮಾಣದಲ್ಲಿ, ಸಾಮಾನ್ಯವಾಗಿ 0, 1, 2, 6 ತಿಂಗಳಿಗೆ ನಾಲ್ಕು ಸಲ ಕೊಡುತ್ತಾರೆ. ಅಂದರೆ ಮುಗಿಯಲು ಆರು ತಿಂಗಳು ಬೇಕು. ಲಸಿಕೆ ಹಿಡಿದಿದೆಯಾ ಎಂದು ನೋಡುವ ರಕ್ತಪರೀಕ್ಷೆಯೂ ಇದೆ. ಫಲಿತಾಂಶ 10ಕ್ಕಿಂತ ಕಮ್ಮಿ ಇದ್ದರೆ ರಕ್ಷಣೆ ಸಾಲದು, ವೈದ್ಯರು ಮತ್ತೆ ಡೋಸ್ ಹೇಳುತ್ತಾರೆ.

ಹೆಪಟೈಟಿಸ್ ಬಿ ಪಾಸಿಟಿವ್ ಇರುವವರಿಗೆ ಬೇರೆ ಕೋಣೆ, ಬೇರೆ ಮೆಷಿನ್ ಬೇಕು. ಎಷ್ಟೋ ಸೆಂಟರ್‌ಗಳಲ್ಲಿ ಅದು ಇರುವುದಿಲ್ಲ. ಹೋಗಲಾಗದು ಎಂದಲ್ಲ, ಹುಡುಕಾಟ ಇನ್ನೂ ಮೊದಲೇ ಶುರು ಮಾಡಿ. ಹೆಪಟೈಟಿಸ್ ಸಿ ಈಗ ಮಾತ್ರೆಯಲ್ಲೇ ವಾಸಿಯಾಗುತ್ತದೆ, ಹೆಚ್ಚಿನವರಿಗೆ 12 ವಾರದ ಚಿಕಿತ್ಸೆ. ಅದನ್ನು ಮುಗಿಸಿಕೊಂಡೇ ಹೊರಡುವುದು ಒಳ್ಳೆಯದು.

ಯಾವ ಫಲಿತಾಂಶವನ್ನೂ ಮುಚ್ಚಿಡಬೇಡಿ. ನಿಮ್ಮ ಪಕ್ಕದ ಮೆಷಿನ್‌ನಲ್ಲಿ ಮಲಗುವವರೂ ಯಾರದೋ ಅಪ್ಪ, ಯಾರದೋ ಅಮ್ಮ.

3. ಅಲ್ಲಿ ಸ್ಲಾಟ್ ಹುಡುಕುವುದು

ಈ ಕೆಲಸ ಹೊರದೇಶದಲ್ಲಿರುವ ಮಗ ಅಥವಾ ಮಗಳದ್ದು. ಇಲ್ಲಿಂದ ಅಪ್ಪ ಇಮೇಲ್ ಕಳಿಸಿದರೆ ಆಗುವ ಕೆಲಸ ಅಲ್ಲ. ಮನೆಯಿಂದ ಅರ್ಧ ಗಂಟೆ ದೂರದೊಳಗಿನ ಸೆಂಟರ್‌ಗಳ ಪಟ್ಟಿ ಮಾಡಿಕೊಳ್ಳಿ. ಅಮೆರಿಕದಲ್ಲಿ ಡಾವಿಟಾ, ಫ್ರೆಸೀನಿಯಸ್ ಎಂಬ ಎರಡು ದೊಡ್ಡ ಸಂಸ್ಥೆಗಳಿಗೆ ಊರೂರಲ್ಲೂ ಸೆಂಟರ್ ಇವೆ. ಪ್ರಯಾಣದಲ್ಲಿರುವ ರೋಗಿಗಳಿಗೆ ಸ್ಲಾಟ್ ಹುಡುಕಿಕೊಡುವ ವ್ಯವಸ್ಥೆಯೂ ಇದೆ. "ಟ್ರಾನ್ಸಿಯೆಂಟ್ ಪೇಷಂಟ್" ಅಥವಾ "ವಿಸಿಟಿಂಗ್ ಪೇಷಂಟ್" ಎಂದರೆ ಅವರಿಗೆ ಅರ್ಥವಾಗುತ್ತದೆ. ಯೂರೋಪ್, ಬ್ರಿಟನ್ ಕಡೆ "ಹಾಲಿಡೇ ಡಯಾಲಿಸಿಸ್" ಎಂದು ಕೇಳಿ.

ಫೋನ್ ಮಾಡಿದಾಗ ಇಷ್ಟು ಕೇಳಲೇಬೇಕು. ನಮಗೆ ಬೇಕಾದ ತಾರೀಕುಗಳಿಗೆ ಜಾಗ ಇದೆಯಾ? ವಿಮೆ ಇಲ್ಲದೆ ಕೈಯಿಂದ ದುಡ್ಡು ಕೊಡುವ ಹೊರದೇಶದ ರೋಗಿಯನ್ನು ತೆಗೆದುಕೊಳ್ಳುತ್ತೀರಾ? ನಿಮ್ಮ ಸೆಂಟರ್‌ನ ಯಾವ ನೆಫ್ರಾಲಜಿಸ್ಟ್ ನಮ್ಮ ಕೇಸ್ ಒಪ್ಪಿಕೊಳ್ಳುತ್ತಾರೆ?

ಕೊನೆಯದು ಬಹಳ ಮುಖ್ಯ. ಇಲ್ಲಿನ ವೈದ್ಯರು ಬರೆದ ಚೀಟಿ ಅಲ್ಲಿ ಸಲಹೆ ಅಷ್ಟೇ. ಅಲ್ಲಿ ಲೈಸೆನ್ಸ್ ಇರುವ ಒಬ್ಬ ವೈದ್ಯರು ನಿಮ್ಮ ಕಾಗದ ನೋಡಿ, ಒಪ್ಪಿ, ಆರ್ಡರ್‌ಗೆ ಸಹಿ ಹಾಕಬೇಕು. ಸೆಂಟರ್‌ನಲ್ಲಿ ಜಾಗ ಇದ್ದು ವೈದ್ಯರು ಒಪ್ಪದೆ ಇಡೀ ಪ್ರಯಾಣ ಮುಂದಕ್ಕೆ ಹೋದದ್ದು ನಮಗೇ ಆಗಿದೆ. ಫೋನಿನಲ್ಲಿ "ಪರವಾಗಿಲ್ಲ, ಬನ್ನಿ" ಅಂದಿದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ದಿನ, ಸಮಯ, ವೈದ್ಯರ ಹೆಸರು, ದರ ನಾಲ್ಕೂ ಇರುವ ಇಮೇಲ್ ಬರಲಿ.

4. ಕಾಗದ ಪತ್ರದ ಫೈಲು

ನಿಮ್ಮ ಡಯಾಲಿಸಿಸ್ ಟೆಕ್ನಿಶಿಯನ್ ಇಲ್ಲಿ ದೊಡ್ಡ ಸಹಾಯ. ಡಾಕ್ಟರಿಗಿಂತ ಈ ವಿವರಗಳು ಅವರ ಬಾಯಲ್ಲೇ ಇರುತ್ತವೆ. ಇಂಗ್ಲಿಷಿನಲ್ಲಿ, ಟೈಪ್ ಮಾಡಿಸಿ, ಲೆಟರ್‌ಹೆಡ್ ಮೇಲೆ ಸಹಿ-ಸೀಲು ಹಾಕಿಸಿ. ಒಳಗೆ ಇರಬೇಕಾದದ್ದು:

- ಕಾಯಿಲೆಯ ಸಾರಾಂಶ: ಕಿಡ್ನಿ ಕೆಟ್ಟ ಕಾರಣ, ಡಯಾಲಿಸಿಸ್ ಶುರುವಾದ ದಿನ, ವಾರಕ್ಕೆ ಎಷ್ಟು ಸಲ, ಎಷ್ಟು ಗಂಟೆ
- ಡ್ರೈ ವೆಯ್ಟ್, ಎರಡು ಡಯಾಲಿಸಿಸ್ ನಡುವೆ ಸಾಮಾನ್ಯವಾಗಿ ಏರುವ ತೂಕ
- ಫಿಸ್ಟುಲಾ ಯಾವ ಕೈ, ಯಾವಾಗ ಮಾಡಿದ್ದು, ಸೂಜಿಯ ಅಳತೆ, ರಕ್ತದ ವೇಗ
- ಡಯಾಲೈಸರ್ ಮಾದರಿ (ರಕ್ತ ಸೋಸುವ ಫಿಲ್ಟರ್), ಡಯಾಲಿಸೇಟ್ ದ್ರಾವಣದಲ್ಲಿ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಎಷ್ಟು, ಹೆಪಾರಿನ್ ಎಷ್ಟು (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧಿ)
- ಕೊನೆಯ ಮೂರು ಡಯಾಲಿಸಿಸ್‌ನ ಚಾರ್ಟ್ ಪ್ರತಿ
- ಒಂದು ತಿಂಗಳ ಒಳಗಿನ ರಕ್ತದ ವರದಿ, ಇಸಿಜಿ, ಎದೆಯ ಎಕ್ಸ್-ರೇ
- ಔಷಧಿ ಪಟ್ಟಿ, ಅಲರ್ಜಿ ಪಟ್ಟಿ

ಔಷಧಿ ಪಟ್ಟಿಯಲ್ಲಿ ಕಂಪನಿ ಹೆಸರು ಸಾಲದು. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ಅಮ್ಲೋಡಿಪಿನ್ 5 ಮಿಲಿಗ್ರಾಂ", "ಸೆವೆಲಮರ್ 800 ಮಿಲಿಗ್ರಾಂ" ಅಂತ ಔಷಧಿಯ ಮೂಲ ಹೆಸರು ಇರಲಿ.

ಎಕ್ಸ್-ರೇ ಕೇಳುವುದು ಟಿಬಿ ಇಲ್ಲ ಎಂದು ಖಚಿತ ಮಾಡಿಕೊಳ್ಳಲು. ಬ್ರಿಟನ್‌ನಲ್ಲಿ ಮೂಗಿನ ಸ್ವಾಬ್ ಪರೀಕ್ಷೆಯನ್ನೂ ಕೇಳಬಹುದು. ಒಂದೊಂದು ಸೆಂಟರ್‌ಗೆ ಒಂದೊಂದು ಪಟ್ಟಿ. ಅವರ ಪಟ್ಟಿ ತರಿಸಿಕೊಂಡು ಒಂದೇ ಸಲಕ್ಕೆ ರಕ್ತ ಕೊಡಿ. ಹಿಮೋಗ್ಲೋಬಿನ್ ಮೊದಲೇ ಕಮ್ಮಿ ಇರುವವರನ್ನು ನಾಲ್ಕು ಸಲ ಚುಚ್ಚಿಸುವುದು ಬೇಡ.

ನಮ್ಮಲ್ಲಿ ಡಯಾಲೈಸರ್ ತೊಳೆದು ಅದೇ ರೋಗಿಗೆ ಮತ್ತೆ ಬಳಸುವ ರೂಢಿ ಇದೆ. ಹೊರಗಡೆ ಹೆಚ್ಚಿನ ಕಡೆ ಪ್ರತಿ ಸಲ ಹೊಸದು. ಹೊಸ ಡಯಾಲೈಸರ್ ಹಾಕಿದ ದಿನ ಮೈ ತುರಿಕೆ, ಎದೆ ಬಿಗಿತ ಎಂದಾದರೂ ಬಂದಿದ್ದರೆ ಅಲರ್ಜಿ ಪಟ್ಟಿಯಲ್ಲಿ ಕಡ್ಡಾಯವಾಗಿ ಬರೆಸಿ.

5. ಖರ್ಚು ಮತ್ತು ವಿಮೆ

ನೇರವಾಗಿ ಹೇಳುತ್ತೇನೆ. ಟ್ರಾವೆಲ್ ಇನ್ಶೂರೆನ್ಸ್ ನಿಮ್ಮ ದಿನನಿತ್ಯದ ಡಯಾಲಿಸಿಸ್ ಖರ್ಚು ಕೊಡುತ್ತದೆ ಎಂದು ನಂಬಿ ಹೊರಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕೆಲವು ಪಾಲಿಸಿಗಳು ಜೀವಕ್ಕೆ ಅಪಾಯವಾದಾಗ ಮಾತ್ರ, ಒಂದು ಮಿತಿಯೊಳಗೆ ಕೊಡುತ್ತವೆ. ಕೆಲವು ಅದೂ ಇಲ್ಲ. ಯೂರೋಪಿನ ಹಲವು ದೇಶಗಳಿಗೆ ನಡೆಯುವ ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ, ಆದರೆ ಅದು ಡಯಾಲಿಸಿಸ್ ಖರ್ಚಿಗೆ ಎಂದುಕೊಳ್ಳಬೇಡಿ. ಫಾರಂನಲ್ಲಿ ಕಾಯಿಲೆ ಬರೆಯದೆ ಪಾಲಿಸಿ ತೆಗೆದರೆ ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗಲೂ ಕ್ಲೇಮ್ ತಿರಸ್ಕರಿಸಬಹುದು. ಬಿಪಿಎಲ್ ಕಾರ್ಡಿನ ಉಚಿತ ಡಯಾಲಿಸಿಸ್, ಆಯುಷ್ಮಾನ್ ಕಾರ್ಡು ಯಾವುದೂ ಹೊರದೇಶದಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಎರಡು-ಮೂರು ಸಾವಿರ ರೂಪಾಯಿ ಆಗುವ ಡಯಾಲಿಸಿಸ್‌ಗೆ ಅಮೆರಿಕದಲ್ಲಿ ಕೈಯಿಂದ ಕೊಡುವವರು ನೂರಾರು ಡಾಲರ್ ಕೊಡಬೇಕಾಗುತ್ತದೆ. ಹೇಳಿದ ದರದಲ್ಲಿ ವೈದ್ಯರ ಫೀಸು, ರಕ್ತಪರೀಕ್ಷೆ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಸೇರಿದೆಯಾ ಎಂದು ಬರಹದಲ್ಲಿ ಕೇಳಿ. ಆ ಮೊತ್ತವನ್ನು ಎಷ್ಟು ಸಲ ಆಗುತ್ತದೋ ಅಷ್ಟರಿಂದ ಗುಣಿಸಿ. ಅದರ ಮೇಲೆ ಸ್ವಲ್ಪ ದುಡ್ಡು ಕೈಗಾವಲಿಗೆ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಹೊಂದುವುದಿಲ್ಲವೆಂದರೆ ಮೂರು ವಾರಕ್ಕೆ ಹೋಗಿ ಬನ್ನಿ. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳೋಕೆ ಮೂರು ವಾರವೂ ದೊಡ್ಡದೇ.

"ಎಮರ್ಜೆನ್ಸಿಗೆ ಹೋದರೆ ಫ್ರೀಯಾಗಿ ಮಾಡ್ತಾರಂತೆ" ಎಂಬ ಮಾತು ಯಾರಾದರೂ ಹೇಳುತ್ತಾರೆ. ಅಮೆರಿಕದಲ್ಲಿ 1986ರ ಕಾನೂನಿನಂತೆ ತುರ್ತು ವಿಭಾಗ ದುಡ್ಡಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ, ನಿಜ. ಆದರೆ ಅದು ಜೀವ ಉಳಿಸುವ ಮಟ್ಟಿಗೆ, ಬಿಲ್ಲು ಮನೆಗೆ ಬಂದೇ ಬರುತ್ತದೆ. ಬ್ರಿಟನ್‌ನಲ್ಲಿ ಪ್ರವಾಸಿ ವೀಸಾದವರಿಗೆ ಸರ್ಕಾರಿ ಆಸ್ಪತ್ರೆ ಹಾಕುವ ದರ ಅವರ ಸಾಮಾನ್ಯ ದರದ 150 ಶೇಕಡಾ. 500 ಪೌಂಡ್ ಮತ್ತು ಅದಕ್ಕಿಂತ ಹೆಚ್ಚಿನ ಬಾಕಿ ಉಳಿಸಿಕೊಂಡರೆ ಮುಂದಿನ ವೀಸಾಗೂ ಕುತ್ತು.

ಇದರ ಉಲ್ಟಾ ಕೂಡ ಹೇಳಿಬಿಡುತ್ತೇನೆ. ಅಮೆರಿಕದಲ್ಲೇ ನೆಲೆಸಿ ಮೆಡಿಕೇರ್‌ನಲ್ಲಿ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಡಯಾಲಿಸಿಸ್ ಮಾಡಿಸಿಕೊಳ್ಳುವ ಕನ್ನಡಿಗರು ಬೆಂಗಳೂರು, ಮೈಸೂರಿಗೆ ಬಂದಾಗ ಮೆಡಿಕೇರ್ ಇಲ್ಲಿನ ಖರ್ಚು ಕೊಡುವುದಿಲ್ಲ. ಕೈಯಿಂದಲೇ ಕೊಡಬೇಕು. ದರ ಕಮ್ಮಿ ಇರುವುದರಿಂದ ಅಷ್ಟು ಭಾರ ಆಗುವುದಿಲ್ಲ.

6. ವೀಸಾ

ಸುಳ್ಳು ಹೇಳಬೇಡಿ. ಕಿಡ್ನಿ ಕಾಯಿಲೆ ಅಂಟುರೋಗ ಅಲ್ಲ. ಸಂದರ್ಶನದಲ್ಲಿ ಆರೋಗ್ಯದ ಬಗ್ಗೆ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಕಾಯಿಲೆಯ ವಿಷಯದಲ್ಲಿ ವೀಸಾ ಅಧಿಕಾರಿಗಳ ಮುಖ್ಯ ಆತಂಕ, ಖರ್ಚು ಯಾರು ಕೊಡುತ್ತಾರೆ ಎಂಬುದು. ಸೆಂಟರ್‌ನ ಒಪ್ಪಿಗೆ ಪತ್ರ, ದರ, ಅದನ್ನು ಕೊಡುವ ಮಗ ಅಥವಾ ಮಗಳ ಬ್ಯಾಂಕ್ ದಾಖಲೆ ಕೈಯಲ್ಲಿರಲಿ. ಆಸ್ಟ್ರೇಲಿಯಾಗೆ ಆರೋಗ್ಯದ ಷರತ್ತು ಹೆಚ್ಚು ಬಿಗಿ, ಅರ್ಜಿಗೆ ಮೊದಲೇ ವಿಚಾರಿಸಿ. ಹಜ್ ಯಾತ್ರೆಗೂ ವೈದ್ಯಕೀಯ ಷರತ್ತುಗಳಿವೆ, ಆ ವರ್ಷದ ಸೂಚನೆ ಓದಿಯೇ ಅರ್ಜಿ ಹಾಕಿ.

7. ಟಿಕೆಟ್: ದಿನ ಎಣಿಸಬೇಡಿ, ಗಂಟೆ ಎಣಿಸಿ

ಈಗ ಟಿಕೆಟ್ ತೆಗೆಯಿರಿ. ದಿನ ಬದಲಿಸಲು ಅವಕಾಶ ಇರುವ ಟಿಕೆಟ್ಟೇ ಇರಲಿ, ನಾಲ್ಕು ಕಾಸು ಜಾಸ್ತಿಯಾದರೂ ಸರಿ.

ಹೊರಡುವ ಹಿಂದಿನ ದಿನ ಇಲ್ಲಿ ಡಯಾಲಿಸಿಸ್ ಆಗಿರಬೇಕು. ತಲುಪಿದ ಮಾರನೇ ದಿನ ಅಲ್ಲಿ ಸ್ಲಾಟ್ ಇರಬೇಕು. ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಒಂದು ಉದಾಹರಣೆ ನೋಡಿ. ಬೆಂಗಳೂರಿನಲ್ಲಿ ಸೋಮವಾರ ಸಂಜೆ 5ಕ್ಕೆ ಡಯಾಲಿಸಿಸ್ ಮುಗಿಯಿತು. ಮಂಗಳವಾರ ನಸುಕಿಗೆ ವಿಮಾನ. ಚಿಕಾಗೋದಲ್ಲಿ ಗುರುವಾರ ಬೆಳಗ್ಗೆ 10ಕ್ಕೆ ಸ್ಲಾಟ್. ಗಡಿಯಾರದ ಪ್ರಕಾರ 65 ಗಂಟೆ ಅನಿಸುತ್ತದೆ. ಆದರೆ ಬೇಸಿಗೆಯಲ್ಲಿ ಚಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಿಜವಾಗಿ ಆದ ಅಂತರ 75 ಗಂಟೆ 30 ನಿಮಿಷ. ಮೈಯಲ್ಲಿ ನೀರು, ಪೊಟ್ಯಾಸಿಯಂ ಸೇರುವುದು ಈ ನಿಜವಾದ ಗಂಟೆಗಳ ಲೆಕ್ಕದಲ್ಲಿ. ಅದೇ ಸ್ಲಾಟ್ ಬುಧವಾರ ಬೆಳಗ್ಗೆ 10ಕ್ಕೆ ಸಿಕ್ಕಿದರೆ ಅಂತರ 51 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಒಂದು ದಿನಕ್ಕೆ ಎಷ್ಟು ವ್ಯತ್ಯಾಸ ನೋಡಿ.

ವಿಮಾನ ತಡವಾದರೆ? ನಡುವೆ ಇಳಿದು ಹತ್ತುವ ಊರಿನಲ್ಲಿ ಸಿಕ್ಕಿಕೊಂಡರೆ? ಅದಕ್ಕೇ ಬಿಗಿಯಾಗಿ ಲೆಕ್ಕ ಹಾಕದೆ ಒಂದು ದಿನ ಸಡಿಲ ಇಟ್ಟುಕೊಳ್ಳಿ. ನಡುವಿನ ನಿಲ್ದಾಣ ಒಂದೇ ಇರಲಿ. ಗಾಲಿಕುರ್ಚಿ ಸಹಾಯ ಬುಕ್ ಮಾಡಿ, ಅದಕ್ಕೆ ದುಡ್ಡಿಲ್ಲ, ಸಂಕೋಚವೂ ಬೇಡ. ವೈದ್ಯರು ತುಂಬುವ ಪ್ರಯಾಣ-ಯೋಗ್ಯತೆ ಫಾರಂ ಬೇಕಾ ಎಂದು ಏರ್‌ಲೈನ್‌ಗೆ ಮೊದಲೇ ಕೇಳಿ. ಉಪ್ಪು ಕಮ್ಮಿ ಇರುವ ಊಟವನ್ನೂ ಮುಂಚಿತವಾಗಿ ಹೇಳಿಡಬಹುದು.

8. ಔಷಧಿ, ಬ್ಯಾಗು

ಎಲ್ಲ ಔಷಧಿ ಕೈಬ್ಯಾಗಿನಲ್ಲಿ. ಕಾರ್ಗೋಗೆ ಹಾಕಿದ ಪೆಟ್ಟಿಗೆ ಎಲ್ಲಿ ಹೋಗುತ್ತದೋ ಹೇಳೋಕಾಗಲ್ಲ. ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಅದರ ಸ್ಟ್ರಿಪ್, ಪೆಟ್ಟಿಗೆ ಸಮೇತ, ವೈದ್ಯರ ಚೀಟಿ ಜೊತೆಗೆ ಒಯ್ಯಿರಿ. ಇರುವ ದಿನಗಳಿಗೆ ಬೇಕಾದದ್ದಕ್ಕಿಂತ ಎರಡು ವಾರದ್ದು ಜಾಸ್ತಿ ಇರಲಿ.

ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಜೆಲ್ ಪ್ಯಾಕ್ ಇರುವ ಚಿಕ್ಕ ಕೂಲ್ ಬ್ಯಾಗ್ ಸಾಕು. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ನಡುವೆ ಬಟ್ಟೆ ಸುತ್ತಿಡಿ.

ದುಬೈ, ಅಬುಧಾಬಿ ಕಡೆ ಹೋಗುವವರು ಇದನ್ನು ಎರಡು ಸಲ ಓದಿ. ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿನ ಔಷಧಿಯಲ್ಲಿರುವ ಕೊಡೀನ್, ಡಯಾಲಿಸಿಸ್ ರೋಗಿಗಳಿಗೆ ತುರಿಕೆ ಮತ್ತು ಕಾಲುರಿಗೆ ಕೊಡುವ ಪ್ರಿಗ್ಯಾಬಲಿನ್ ಅಲ್ಲಿ ನಿಯಂತ್ರಿತ ಔಷಧಿಗಳು. ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

9. ವಿಮಾನದಲ್ಲಿ

ಫಿಸ್ಟುಲಾ ಕೈ ನಡುದಾರಿಯ ಕಡೆಗೆ ಬರದ ಹಾಗೆ ಸೀಟು ಆರಿಸಿ, ಊಟದ ಗಾಡಿ ತಾಗೀತು. ಆ ಕೈಯಲ್ಲಿ ಬ್ಯಾಗು ಎತ್ತಬೇಡಿ, ಬಿಗಿ ಗಡಿಯಾರ, ಬಿಗಿ ಬಳೆ ಬೇಡ, ಅದರ ಮೇಲೆ ತಲೆ ಇಟ್ಟು ಮಲಗಬೇಡಿ.

ಫಿಸ್ಟುಲಾ ಮೇಲೆ ಬೆರಳಿಟ್ಟರೆ ಓಡುತ್ತಿರುವ ಹೊಲಿಗೆ ಮೆಷಿನ್ ಮೇಲೆ ಕೈ ಇಟ್ಟ ಹಾಗೆ ಜುಮ್ ಅನ್ನುತ್ತದೆ ಅಲ್ವಾ, ಅದನ್ನು ಕೆಲವು ಗಂಟೆಗೊಮ್ಮೆ ಮುಟ್ಟಿ ನೋಡಿ. ಉದ್ದದ ಪ್ರಯಾಣದಲ್ಲಿ ಬಿಪಿ ಇಳಿದೋ ಕೈ ಒತ್ತಿಯೋ ಅದು ನಿಂತುಹೋಗಬಹುದು. ನಿಂತಿದೆ ಅನಿಸಿದರೆ ಇಳಿದ ಕೂಡಲೇ ಆಸ್ಪತ್ರೆಗೆ. "ನಾಳೆ ಡಯಾಲಿಸಿಸ್ ಇದೆಯಲ್ಲ, ಆಗ ತೋರಿಸೋಣ" ಅಂದರೆ ಫಿಸ್ಟುಲಾ ಕೈತಪ್ಪಬಹುದು.

ನೀರಿನ ಲೆಕ್ಕಕ್ಕೆ ಅರ್ಧ ಲೀಟರ್ ಬಾಟಲಿ ಜೊತೆಗಿರಲಿ. ಗಗನಸಖಿ ಕೊಡುವ ಜ್ಯೂಸ್, ಸೂಪ್, ಐಸ್ ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಆರೆಂಜ್ ಜ್ಯೂಸ್, ಟೊಮೇಟೊ ಜ್ಯೂಸ್ ಬೇಡವೇ ಬೇಡ, ಎರಡರಲ್ಲೂ ಪೊಟ್ಯಾಸಿಯಂ.

10. ಅಲ್ಲಿನ ಮೊದಲ ಡಯಾಲಿಸಿಸ್

ಮೊದಲ ದಿನ ಮನೆಯವರೊಬ್ಬರು ಜೊತೆಗೆ ಹೋಗಲೇಬೇಕು. ಫಿಸ್ಟುಲಾ ಕೈ ತೋರಿಸಿ, ಆ ಕೈಯಲ್ಲಿ ಬಿಪಿ ನೋಡಬೇಡಿ, ಬೇರೆ ಪರೀಕ್ಷೆಗೆ ರಕ್ತ ತೆಗೆಯಬೇಡಿ ಎಂದು ನೆನಪಿಸಿ.

ತೂಕದ ವಿಷಯದಲ್ಲಿ ನಾವು ಪಾಠ ಕಲಿತಿದ್ದೇವೆ. ಚಳಿಗಾಲ. ಅಮ್ಮ ಒಳಗೊಂದು ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ದಪ್ಪ ಜಾಕೆಟ್, ಕಾಲಿಗೆ ಬೂಟು ಹಾಕಿಕೊಂಡೇ ತೂಕದ ಮೆಷಿನ್ ಹತ್ತಿದರು. ಊರಲ್ಲಿ ಹಗುರ ಹತ್ತಿ ಸೀರೆಯಲ್ಲಿ ನೋಡುತ್ತಿದ್ದ ತೂಕಕ್ಕಿಂತ ಎರಡು ಕಿಲೋ ಜಾಸ್ತಿ ತೋರಿಸಿತು. ಆ ಎರಡು ಕಿಲೋನೂ ನೀರೇ ಎಂದು ಲೆಕ್ಕ ಹಾಕಿ ತೆಗೆಯತೊಡಗಿದರು. ಮೂರನೇ ಗಂಟೆಗೆ ಎರಡೂ ಕಾಲು ಹಿಡಿದುಕೊಂಡವು, ಬಿಪಿ ಇಳಿದು ಕಣ್ಣು ಮೇಲಾಯಿತು. ಮೆಷಿನ್ ನಿಲ್ಲಿಸಿ, ಸಲೈನ್ ಕೊಟ್ಟು ಸುಧಾರಿಸಿದರು. ಅವತ್ತಿನಿಂದ ಡಯಾಲಿಸಿಸ್‌ಗೆ ಅಂತಲೇ ಒಂದು ಜೊತೆ ತೆಳು ಬಟ್ಟೆ ಎತ್ತಿಟ್ಟೆವು. ಜಾಕೆಟ್, ಬೂಟು ಬಿಚ್ಚಿಯೇ ತೂಕ. ನೀವು ಹೊರಡುವ ವಾರ ಊರಿನ ಸೆಂಟರ್‌ನಲ್ಲಿ ಅದೇ ಬಟ್ಟೆಯಲ್ಲಿ ಒಂದು ಸಲ ತೂಕ ನೋಡಿ ಬರೆದುಕೊಳ್ಳಿ.

ಇಂಗ್ಲಿಷ್ ಬಾರದ ಹಿರಿಯರಿಗೆ ಒಂದು ಕಾರ್ಡ್ ಮಾಡಿಕೊಡಿ. ಒಂದು ಕಡೆ ಕನ್ನಡ, ಎದುರಿಗೆ ಇಂಗ್ಲಿಷ್. "ತಲೆ ಸುತ್ತುತ್ತಿದೆ", "ಕಾಲು ಹಿಡಿದುಕೊಂಡಿದೆ", "ಎದೆ ನೋಯುತ್ತಿದೆ", "ಸೂಜಿ ಹತ್ತಿರ ನೋವು", "ಚಳಿ ಬರುತ್ತಿದೆ", "ಬಾತ್‌ರೂಮಿಗೆ ಹೋಗಬೇಕು". ಆರೇ ಸಾಲು, ದೊಡ್ಡ ಅಕ್ಷರದಲ್ಲಿ. ಮನೆಯವರನ್ನು ಒಳಗೆ ಬಿಡದ ಸೆಂಟರ್‌ಗಳಿವೆ. ನಾಲ್ಕು ಗಂಟೆ ಮಾತು ಬಾರದ ಕಡೆ ಮಲಗುವುದು ಎಷ್ಟು ಕಷ್ಟ ಅಂತ ಮಲಗಿದವರಿಗೇ ಗೊತ್ತು. ಫೋನಿನಲ್ಲಿ ಕನ್ನಡ ದುಭಾಷಿ ಸಿಗುತ್ತಾರಾ ಎಂದೂ ಕೇಳಿ ನೋಡಿ.

11. ಊಟ ಮತ್ತು ಅಪಾಯದ ಸೂಚನೆ

ಊರಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗುತ್ತೇವೆ. ಅದು ಮಕ್ಕಳಿಗೆ, ನಿಮಗಲ್ಲ. ಉಪ್ಪು ತಿಂದರೆ ದಾಹ, ದಾಹವಾದರೆ ನೀರು, ನೀರು ಕುಡಿದರೆ ಉಸಿರು ಕಟ್ಟುತ್ತದೆ.

ಮಕ್ಕಳು ಪ್ರೀತಿಯಿಂದ ಅಂಗಡಿಯಿಂದ "ಲೋ ಸೋಡಿಯಂ" ಉಪ್ಪು ತಂದುಕೊಡುತ್ತಾರೆ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಡಯಾಲಿಸಿಸ್ ರೋಗಿಯ ಹೃದಯಕ್ಕೆ ನೇರ ಅಪಾಯ. ಪ್ಯಾಕೆಟ್ ತಿರುಗಿಸಿ ಓದಿ. ಸ್ಟಾರ್ ಫ್ರೂಟ್, ಅಂದರೆ ಕರಾವಳಿಯವರ ದಾರೆಹುಳಿ, ಒಂದು ಹೋಳೂ ತಿನ್ನಬೇಡಿ. ಕಿಡ್ನಿ ಕೆಟ್ಟವರಲ್ಲಿ ಅದರ ವಿಷ ಮಿದುಳಿಗೆ ಹೋಗುತ್ತದೆ. ಮೈಕೈ ನೋವಿಗೆ ಮನೆಯಲ್ಲಿದ್ದ ಐಬುಪ್ರೊಫೇನ್ ನುಂಗಬೇಡಿ.

ಉಸಿರು ಕಟ್ಟುವುದು, ಮಲಗಲು ಆಗದೆ ಎದ್ದು ಕೂರುವುದು, ಕೈಕಾಲು ಸೋತುಹೋಗುವುದು, ಎದೆ ಬಡಿತ ಏರುಪೇರಾಗುವುದು, ಪರ್ಮ್‌ಕ್ಯಾತ್ ಇದ್ದವರಿಗೆ ಚಳಿ ಜ್ವರ: ಇವುಗಳಲ್ಲಿ ಯಾವುದೇ ಬಂದರೂ ಸ್ಲಾಟ್ ದಿನಕ್ಕೆ ಕಾಯಬೇಡಿ. ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999, ಯೂರೋಪಿನಲ್ಲಿ 112, ದುಬೈಯಲ್ಲಿ ಆಂಬ್ಯುಲೆನ್ಸ್‌ಗೆ 998, ಸಿಂಗಪುರದಲ್ಲಿ 995, ಆಸ್ಟ್ರೇಲಿಯಾದಲ್ಲಿ 000. ಮೊದಲ ಮಾತೇ "ಡಯಾಲಿಸಿಸ್ ಪೇಷಂಟ್" ಎಂದಿರಲಿ.

ಹೊಟ್ಟೆಯ ಡಯಾಲಿಸಿಸ್ (ಸಿಎಪಿಡಿ) ಮಾಡಿಕೊಳ್ಳುವವರಿಗೆ

ಹೊಟ್ಟೆಗೆ ದ್ರಾವಣ ತುಂಬಿ, ಹೊರಗೆ ತೆಗೆದು, ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಇದು. ನಿಮಗೆ ಸೆಂಟರ್ ಬೇಕಿಲ್ಲ, ದ್ರಾವಣದ ಚೀಲ ಬೇಕು. ದಿನಕ್ಕೆ ಎರಡು ಲೀಟರಿನ ನಾಲ್ಕು ಚೀಲ ಎಂದರೆ ತಿಂಗಳಿಗೆ 240 ಕಿಲೋ ದಾಟುತ್ತದೆ. ಹೊತ್ತುಕೊಂಡು ಹೋಗುವ ಮಾತಲ್ಲ. ಚೀಲ ಪೂರೈಸುವ ಕಂಪನಿ ನೀವು ಹೋಗುವ ವಿಳಾಸಕ್ಕೆ ಕಳಿಸುತ್ತದಾ ಎಂದು ಎರಡು-ಮೂರು ತಿಂಗಳು ಮೊದಲೇ ಕೇಳಿ. ಮೊದಲ ನಾಲ್ಕೈದು ದಿನದ್ದು ಜೊತೆಗೆ ಒಯ್ಯಿರಿ. ವೈದ್ಯರ ಪತ್ರ ತೋರಿಸಿ ಕೇಳಿದರೆ ವೈದ್ಯಕೀಯ ಸಾಮಾನಿಗೆ ಬಿಡುವ ಹೆಚ್ಚುವರಿ ತೂಕ ಕೊಡುವ ಏರ್‌ಲೈನ್‌ಗಳಿವೆ. ರಾತ್ರಿ ಮೆಷಿನ್ ಬಳಸುವವರು ಗಮನಿಸಿ: ನಮ್ಮದು 230 ವೋಲ್ಟ್, ಅಮೆರಿಕದ್ದು 120. ಪ್ಲಗ್ ಬದಲಿಸಿದರೆ ಸಾಲದು, ಮೆಷಿನ್ ಅಷ್ಟು ವೋಲ್ಟ್‌ಗೆ ನಡೆಯುತ್ತದಾ ಎಂದು ಕಂಪನಿಗೆ ಕೇಳಿ.

12. ವಾಪಸ್ ಬರುವುದು

ಹೊರಡುವ ಮೊದಲೇ ನಿಮ್ಮ ಊರಿನ ಸೆಂಟರ್‌ಗೆ ಹೋಗುವ ದಿನ, ಬರುವ ದಿನ ಬರೆದುಕೊಟ್ಟು, ಸ್ಲಾಟ್ ಹಿಡಿದಿಡಲು ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಯುವವರ ಸಾಲು ಉದ್ದ. ತಿಂಗಳುಗಟ್ಟಲೆ ಬರದಿದ್ದರೆ ಆ ಜಾಗ ಇನ್ನೊಬ್ಬರಿಗೆ ಕೊಡುತ್ತಾರೆ, ಅವರ ತಪ್ಪೂ ಅಲ್ಲ. ಹಿಡಿದಿಡಲು ಆಗುವುದಿಲ್ಲ ಎಂದರೆ ಬಂದ ಮೊದಲ ಕೆಲವು ವಾರಕ್ಕೆ ಖಾಸಗಿ ಸೆಂಟರ್‌ನಲ್ಲಿ ವ್ಯವಸ್ಥೆ ಮಾಡಿಕೊಂಡೇ ಹೊರಡಿ.

ಅಲ್ಲಿಂದ ಬರುವಾಗ ಅಲ್ಲಿನ ಎಲ್ಲ ಡಯಾಲಿಸಿಸ್ ಚಾರ್ಟ್, ರಕ್ತದ ವರದಿ, ಬದಲಾದ ಔಷಧಿ ಪಟ್ಟಿ ಕೇಳಿ ತನ್ನಿ. ಬಂದಮೇಲೆ ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆ ಮತ್ತೆ ಮಾಡುತ್ತಾರೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಬಹುದು. ಅಲ್ಲಿಯ ತನಕ ನಿಮ್ಮನ್ನು ಬೇರೆ ಮೆಷಿನ್‌ಗೆ ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಇಲ್ಲದಿದ್ದಾಗ ಬೇರೆ ಕಡೆಯಿಂದ ಬಂದವರಿಗೂ ಹಾಗೇ ಮಾಡಿರುತ್ತಾರೆ. ವಾಪಸ್ ಬಂದ ಮಾರನೇ ದಿನಕ್ಕೇ ಮೊದಲ ಸ್ಲಾಟ್ ಇರಲಿ, ಪ್ರಯಾಣದ ಸುಸ್ತು ಅಂತ ಅದನ್ನು ಮುಂದಕ್ಕೆ ಹಾಕಬೇಡಿ.